ಮಾಗೂರೋ, ಆಫ್ರಿಕನ್ ಕ್ಯಾಟ್‌ಫಿಶ್ಶೋ? ಡಿಎನ್‌ಎ ಬಾರ್‌ಕೋಡ್ ಓದುವುದು ಹೀಗೆ

ತುಂಗಭದ್ರಾ ಜಲಾಶಯದ ಮಗ್ಗುಲಿನ ಮುನಿರಾಬಾದಿನಲ್ಲಿ ಬೆಳಗಿನ ಹೊತ್ತು ಮೀನಿನ ಬುಟ್ಟಿಗೆ ಬಗ್ಗಿದರೆ, ಮೀಸೆಯ ಕ್ಯಾಟ್‌ಫಿಶ್‌ಗಳು ನೀರಿಲ್ಲದೆಯೂ ಜೀವ ಹಿಡಿದು ಒಂದರ ಮೇಲೊಂದು ಹೊರಳುತ್ತಿರುತ್ತವೆ. ಅದು ನಮ್ಮ ನಾಡಿನ ಮಾಗೂರೋ, ಆಫ್ರಿಕನ್ ಕ್ಯಾಟ್‌ಫಿಶ್ಶೋ? ಬಲಿತ ಮೀನಾದರೆ ತಲೆಬುರುಡೆ ನೋಡಿ ಬಲ್ಲವರು ಹೇಳಿಯಾರು. ಬೆರಳುದ್ದದ ಮರಿ ಅಥವಾ ಹೆಚ್ಚಿದ ತುಂಡಿನ ಮುಂದೆ ಅವರ ಕಣ್ಣೂ ಸೋಲುತ್ತದೆ. ‘ಎರಡೂ ಒಂದೇ ಬಿಡಿ’ ಎಂದು ಬಿಡುವ ಮಾತಲ್ಲ ಇದು. ಮಾಗೂರ್ ಅಳಿವಿನಂಚಿನಲ್ಲಿದೆ. ಸಿಕ್ಕಿದ್ದನ್ನೆಲ್ಲ ನುಂಗುವ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ಕೇಂದ್ರ ಸರ್ಕಾರ 2000ರಲ್ಲೇ ನಿಷೇಧ ಹೇರಿದೆ.

ಇಂಥಲ್ಲಿ ನೆರವಾಗುವುದು ಡಿಎನ್‌ಎ ಬಾರ್‌ಕೋಡ್. ಪ್ರಾಣಿಗಳ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಎಂಬ ಪುಟ್ಟ ಅಂಗಕ್ಕೆ ತನ್ನದೇ ಡಿಎನ್‌ಎ ಇದೆ, ಅದರಲ್ಲಿ ಸಿಒಐ ಎಂಬ ಜೀನ್ ಇದೆ. ಆ ಜೀನ್‌ನ ಸುಮಾರು 650 ಡಿಎನ್‌ಎ ಅಕ್ಷರಗಳ (ಎ, ಟಿ, ಜಿ, ಸಿ) ತುಣುಕು ಒಂದೇ ಪ್ರಭೇದದೊಳಗೆ ಹೆಚ್ಚು ಬದಲಾಗುವುದಿಲ್ಲ, ಪ್ರಭೇದ ಬೇರೆಯಾದರೆ ಸಾಮಾನ್ಯವಾಗಿ ಎದ್ದು ಕಾಣುವಷ್ಟು ಬದಲಾಗುತ್ತದೆ. ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಈ ದಾರಿ ತೋರಿಸಿದರು.

ಮೊದಲು ಇಡೀ ಮೀನಿನ ಫೋಟೊ ತೆಗೆಯಿರಿ. ತಲೆಯನ್ನು ಮೇಲಿನಿಂದಲೂ ತೆಗೆಯಬೇಕು. ಆಮೇಲೆ ಬೆಂಕಿಗೆ ಹಿಡಿದು ಆರಿಸಿದ ಚಿಮುಟದಿಂದ ಅಕ್ಕಿಕಾಳಿನಷ್ಟು ಮಾಂಸ ಅಥವಾ ರೆಕ್ಕೆಯ ಚೂರು ತೆಗೆದು ಶೇ 95ರ ಎಥನಾಲ್‌ನಲ್ಲಿ ಹಾಕಿ. ಮರುದಿನ ಎಥನಾಲ್ ಬದಲಿಸಿ. ಫಾರ್ಮಲಿನ್ ಮಾತ್ರ ಬೇಡ, ಡಿಎನ್‌ಎ ಕೆಡುತ್ತದೆ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ನಾನೊಮ್ಮೆ ಪೆನ್ನಿನಲ್ಲಿ ಬರೆದು ಶೀಶೆಗಳೊಳಗೆ ಹಾಕಿದ್ದೆ. ಸಂಜೆಯ ಹೊತ್ತಿಗೆ ಎಥನಾಲ್ ನೀಲಿಯಾಗಿತ್ತು, ಚೀಟಿಗಳು ಬಿಳಿಯಾಗಿದ್ದವು. ಹನ್ನೆರಡು ಮಾದರಿಗಳನ್ನೂ ಬಿಡಬೇಕಾಯಿತು. ಆ ನೋವು ಇನ್ನೂ ಹೋಗಿಲ್ಲ.

ಪ್ರಯೋಗಾಲಯದ ಕೆಲಸ ಕಿಟ್‌ಗಳಿಂದ ಸಲೀಸಾಗಿದೆ. ಡಿಎನ್‌ಎ ಬೇರ್ಪಡಿಸಿ, ಬೇಕಾದ ತುಣುಕಿನ ತುದಿಗಳಿಗೆ ಅಂಟುವ ಪ್ರೈಮರ್ ಎಂಬ ಚಿಕ್ಕ ಡಿಎನ್‌ಎ ಚೂರುಗಳನ್ನು ಸೇರಿಸಿ, ಆ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಯಂತ್ರಕ್ಕೆ ಇಡುತ್ತಾರೆ. ಸುಮಾರು 94 ಡಿಗ್ರಿಯಲ್ಲಿ ಎಳೆಗಳು ಬಿಡಿಸಿಕೊಳ್ಳುತ್ತವೆ, 50ರ ಆಸುಪಾಸಿನಲ್ಲಿ ಪ್ರೈಮರ್ ಅಂಟುತ್ತದೆ, 72ರಲ್ಲಿ ಹೊಸ ಎಳೆ ಬೆಳೆಯುತ್ತದೆ. ಇಂಥ 35 ಸುತ್ತು. ಮೀನಿನ ಡಿಎನ್‌ಎ ಬಿಟ್ಟು ಉಳಿದೆಲ್ಲ ಹಾಕಿದ ಒಂದು ನಳಿಕೆಯನ್ನೂ ಜೊತೆಗಿಡಿ. ಡಿಎನ್‌ಎ ತುಣುಕುಗಳನ್ನು ಪಟ್ಟಿಗಳಾಗಿ ತೋರಿಸುವ ಜೆಲ್ ಮೇಲೆ ಅದರಲ್ಲೂ ಪಟ್ಟಿ ಕಂಡರೆ ಎಲ್ಲೋ ಕಲಬೆರಕೆಯಾಗಿದೆ ಎಂದರ್ಥ, ಮತ್ತೆ ಮೊದಲಿನಿಂದ ಮಾಡಿ. ಸರಿಯಾಗಿ ಬಂದದ್ದನ್ನು ಸೀಕ್ವೆನ್ಸಿಂಗ್‌ಗೆ, ಅಂದರೆ ಅಕ್ಷರಗಳ ಸಾಲು ಓದಿಸಲು, ಕಳುಹಿಸಿ, ಎರಡೂ ಎಳೆಗಳನ್ನು ಓದಿಸಿ.

ಬಂದ ಅಕ್ಷರಸಾಲನ್ನು ಬೋಲ್ಡ್ ಅಥವಾ ಜೆನ್‌ಬ್ಯಾಂಕ್ ಎಂಬ ಆನ್‌ಲೈನ್ ಡಿಎನ್‌ಎ ದಾಖಲೆ ಸಂಗ್ರಹಗಳಲ್ಲಿ ಹುಡುಕುವುದು ಕ್ಷಣದ ಕೆಲಸ. ತಾಳ್ಮೆ ಬೇಕಾಗುವುದು ಅದಾದ ಮೇಲೆ. ಪರದೆಯ ಮೇಲೆ ಮೊದಲು ಕಂಡ ಹೆಸರನ್ನೇ ಬರೆದುಕೊಳ್ಳಬೇಡಿ. ನಮ್ಮ ಮಾಗೂರನ್ನು ಬಹುಕಾಲ ಕ್ಲೇರಿಯಸ್ ಬಟ್ರಾಕಸ್ ಎಂದೇ ಕರೆದರು. ಈಗ ಅದು ಕ್ಲೇರಿಯಸ್ ಮಾಗೂರ್, ಬಟ್ರಾಕಸ್ ಆಗ್ನೇಯ ಏಷ್ಯಾದ ಮೀನು. ಹಳೆಯ ಹೆಸರಿನಲ್ಲೇ ಉಳಿದ ದಾಖಲೆಗಳಿವೆ. ಆದ್ದರಿಂದ ಆ ಮಾದರಿ ಯಾವ ದೇಶದ್ದು, ಗುರುತಿಸಿದವರು ಯಾರು ಎಂದು ತೆರೆದು ನೋಡಿ. ಮೀನುಗಳಲ್ಲಿ ಶೇ 2ಕ್ಕಿಂತ ಕಡಿಮೆ ವ್ಯತ್ಯಾಸವಿದ್ದರೆ ಬಹುಮಟ್ಟಿಗೆ ಒಂದೇ ಪ್ರಭೇದ ಎನ್ನಬಹುದು, ಆದರೆ ಇದು ಕಟ್ಟುನಿಟ್ಟಿನ ಗೆರೆಯಲ್ಲ. ಇತ್ತೀಚೆಗಷ್ಟೇ ಕವಲೊಡೆದ ಪ್ರಭೇದಗಳಲ್ಲಿ ಅಂತರ ಇನ್ನೂ ಕಡಿಮೆ ಇರುತ್ತದೆ.

ಮಿಶ್ರತಳಿಯಾದರೆ ಹೆಚ್ಚು ಎಚ್ಚರ ಬೇಕು. ಮೈಟೊಕಾಂಡ್ರಿಯಾ ಬರುವುದು ತಾಯಿಯಿಂದ. ತಾಯಿ ಮಾಗೂರ್, ತಂದೆ ಆಫ್ರಿಕನ್ ಆಗಿದ್ದರೆ ಬಾರ್‌ಕೋಡ್ ‘ಮಾಗೂರ್’ ಎಂದೇ ಹೇಳುತ್ತದೆ. ಫೋಟೊದಲ್ಲಿನ ತಲೆಯ ಆಕಾರ ಅದಕ್ಕೆ ಹೊಂದದಿದ್ದರೆ, ಉಳಿಸಿಟ್ಟ ಮಾಂಸದ ಚೂರಿನಿಂದಲೇ ಕೋಶಕೇಂದ್ರದ ಒಂದು ಜೀನನ್ನೂ ಓದಿಸಿ. ಅಲ್ಲಿ ತಂದೆಯ ಗುರುತು ಸಿಗುತ್ತದೆ.