ಕೋಲಾರದ ಠಾಣೆಯಿಂದ ರೆಡ್ ನೋಟಿಸ್ ಕಳಿಸಿದ ನನ್ನ ಅನುಭವ

ನಾನು ಕೋಲಾರ ಜಿಲ್ಲೆಯ ಒಂದು ಪೊಲೀಸ್ ಠಾಣೆಯಲ್ಲಿ ಕೇಸಿನ ಕಾಗದಪತ್ರ ಬರೆಯುವ ರೈಟರ್ ಆಗಿದ್ದೆ. ಗಲ್ಫ್‌ನಲ್ಲಿ ಕೆಲಸ ಕೊಡಿಸ್ತೀನಿ ಅಂತ ಹನ್ನೊಂದು ಹುಡುಗರ ಹತ್ತಿರ ದುಡ್ಡು ತಗೊಂಡವನು ಒಂದು ದಿನ ತಾನೇ ದುಬೈಗೆ ಹೋಗಿಬಿಟ್ಟ. ಸೀಮೆಹಸು ಮಾರಿ ಕೊಟ್ಟವರಿದ್ದರು.

"ಇಂಟರ್‌ಪೋಲ್‌ನವರು ಹಿಡ್ಕೊಂಡು ಬರಲ್ವಾ ಸಾರ್?" ಅಂತ ಒಬ್ಬ ತಾಯಿ ಕೇಳಿದರು. ಹಾಗೆ ಹೋಗಿ ಹಿಡಿಯುವ ಪೊಲೀಸರು ಇಂಟರ್‌ಪೋಲ್‌ನಲ್ಲಿ ಇಲ್ಲ. 196 ದೇಶಗಳ ಪೊಲೀಸರು ಅದರ ಮೂಲಕ ಒಬ್ಬರಿಗೊಬ್ಬರು ಮಾಹಿತಿ ಕೊಡುತ್ತಾರೆ, ಅಷ್ಟೇ. ನಮ್ಮ ಕಡೆಯಿಂದ ಅದರ ಜೊತೆ ವ್ಯವಹರಿಸುವುದು ದೆಹಲಿಯ ಸಿಬಿಐ.

ವಾರಂಟ್ ಬೇಗ ಸಿಕ್ಕಿತು. ಆದರೆ ರೆಡ್ ನೋಟಿಸ್‌ಗಾಗಿ, ಅಂದರೆ ಇವನನ್ನು ಹುಡುಕಿ ಹಿಡಿದಿಡಿ ಅಂತ ಬೇರೆ ದೇಶಗಳ ಪೊಲೀಸರಿಗೆ ಇಂಟರ್‌ಪೋಲ್ ಕಳಿಸುವ ಕೋರಿಕೆಗಾಗಿ, ನಾನು ಬರೆದ ಪ್ರಸ್ತಾವ ವಾಪಸ್ ಬಂತು. ಕಾರಣ ಹೆಸರು! ನಮ್ಮ ಕಡೆ ಹೆಸರಿನ ಮುಂದೆ ಎರಡು ಇನಿಷಿಯಲ್ ಇರುತ್ತೆ ಅಲ್ವಾ, ಒಂದು ಊರಿನದು, ಇನ್ನೊಂದು ಅಪ್ಪನದು. ಎಫ್‌ಐಆರ್‌ನಲ್ಲಿ, ವಾರಂಟ್‌ನಲ್ಲಿ ಊರವರು ಕರೆಯುವ ಹೆಸರಿತ್ತು, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಸರ್‌ನೇಮ್ ಆಗಿ ಕೂತಿತ್ತು. ಬೇರೆ ದೇಶದ ಏರ್‌ಪೋರ್ಟಿನಲ್ಲಿ ಕೂತವನಿಗೆ ಇದು ಒಬ್ಬನೇ ಅಂತ ಹೇಗೆ ಗೊತ್ತಾಗಬೇಕು? ಪಾಸ್‌ಪೋರ್ಟ್ ವಿವರ ತರಿಸಿದೆವು, ಹುಟ್ಟಿದ ದಿನಕ್ಕೆ ಸ್ಕೂಲಿನ ಟಿಸಿ ಹುಡುಕಿದೆವು, ಕೋರ್ಟಿಗೆ ಹೋಗಿ ಎರಡೂ ಹೆಸರು ಇರುವ ವಾರಂಟ್ ಮತ್ತೆ ಪಡೆದೆವು.

ಇನ್ನೊಂದು ತಪ್ಪೂ ನನ್ನದೇ. "ಹಣ ವಾಪಸ್ ಕೊಟ್ಟಿಲ್ಲ" ಅಂತ ಬರೆದಿದ್ದೆ. ಓದಿದರೆ ಸಾಲದ ಜಗಳದ ಹಾಗೆ ಕಾಣುತ್ತೆ, ಖಾಸಗಿ ವ್ಯಾಜ್ಯಕ್ಕೆ ರೆಡ್ ನೋಟಿಸ್ ಕೊಡುವುದಿಲ್ಲ. ವಿಚಾರಣೆಗೆ ಬೇಕಾದ ಆರೋಪಿಯಾದರೆ ಆ ಅಪರಾಧಕ್ಕೆ ಗರಿಷ್ಠ ಶಿಕ್ಷೆ ಕನಿಷ್ಠ 2 ವರ್ಷದ್ದಾದರೂ ಇರಬೇಕು. ಐಪಿಸಿ 420ಕ್ಕೆ 7 ವರ್ಷದವರೆಗೆ ಇತ್ತು, ಅಲ್ಲಿ ತೊಂದರೆ ಇರಲಿಲ್ಲ. ಆಮೇಲೆ ಕಾಗದಗಳನ್ನು ಹರಡಿಕೊಂಡು ಕೂತಾಗ ಒಂದೇ ವೀಸಾ ನಂಬರನ್ನು ಮೂವರು ಹುಡುಗರಿಗೆ ಕೊಟ್ಟಿದ್ದು ಕಣ್ಣಿಗೆ ಬಿತ್ತು. ಅದನ್ನೇ ಮೊದಲ ಸಾಲಿನಲ್ಲಿ ಬರೆದೆ. ನಮ್ಮ ಕಾನೂನು ಗೊತ್ತಿಲ್ಲದವರಿಗೂ ಇದು ಮೋಸ ಅಂತ ಅರ್ಥವಾಗಬೇಕಿತ್ತು.

ಆಗೆಲ್ಲ ಪತ್ರ, ಇಮೇಲ್, ಸುಮ್ನೆ ತಿಂಗಳುಗಟ್ಟಲೆ ಕಾಯುವುದು. 2025ರ ಜನವರಿಯಿಂದ ಇಂಥ ಕೋರಿಕೆಗಳನ್ನು ಸಿಬಿಐಗೆ ಆನ್‌ಲೈನ್‌ನಲ್ಲೇ ಕಳಿಸುವ ಭಾರತ್‌ಪೋಲ್ ಪೋರ್ಟಲ್ ಬಂದಿದೆ, ಅದರಲ್ಲಿ ಎಸ್‌ಪಿ ಕಚೇರಿಗಳೂ ಸೇರಿವೆ. ಒಳ್ಳೆಯದಾಯಿತು.

ನೋಟಿಸ್ ಹೊರಟ ದಿನ ಆ ತಾಯಿಯ ಮನೆಗೆ ಹೋದೆ. "ಹಿಡಿದರಾ?" ಅಂದರು. ಇದು ಅಲ್ಲಿನವರಿಗೆ ಕೊಟ್ಟ ಕೋರಿಕೆ, ಹಿಡಿಯಬೇಕೋ ಬೇಡವೋ ಆ ದೇಶದ ಕಾನೂನು ನೋಡಿಕೊಳ್ಳುತ್ತೆ, ಹಿಡಿದ ಮೇಲೂ ಅವನನ್ನು ನಮಗೆ ಒಪ್ಪಿಸಿ ಅಂತ ವಿದೇಶಾಂಗ ಸಚಿವಾಲಯದ ಮೂಲಕ ಕೇಳಬೇಕು, ದುಬೈ ಇರುವ ಯುಎಇ ಜೊತೆ ಅದಕ್ಕೆ 1999ರಲ್ಲೇ ಒಪ್ಪಂದ ಆಗಿರುವುದರಿಂದ ದಾರಿ ಇದೆ ಅಂತ ನಿಧಾನವಾಗಿ ಹೇಳಿದೆ. ಅರ್ಧ ಗಂಟೆ ಕೇಳಿಸಿಕೊಂಡರು. ಕೇಸ್ ನಂಬರ್, ಅವನ ಹೆಸರು ಒಂದು ಚೀಟಿಯಲ್ಲಿ ಬರೆದುಕೊಡಿ ಅಂದರು. ಎರಡೂ ಹೆಸರು ಬರೆದುಕೊಟ್ಟೆ.