ಹಾಲಿನ ಪ್ಯಾಕೆಟ್ಟಿನ ಮೂಲೆಯಿಂದ ಶುರುವಾದ ಕಡಲ ಪಾಠ

ನಾನು ಗದಗ ಕಡೆಯವಳು. ಕೆಲಸಕ್ಕೆ ಸೇರಲು ಬಂದ ದಿನವೇ ಮೊದಲ ಸಲ ಸಮುದ್ರ ನೋಡಿದ್ದು, ಮರವಂತೆಯಲ್ಲಿ, ಬಸ್ಸಿನ ಕಿಟಕಿಯಿಂದ. ಒಂದು ಕಡೆ ಸೌಪರ್ಣಿಕಾ ನದಿ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ. ನಲ್ಲಿ ನೀರಿಗೆ ವಾರಗಟ್ಟಲೆ ಕಾಯುವ ಊರಿನವಳಿಗೆ ಅಷ್ಟು ನೀರು ಒಟ್ಟಿಗೆ ಕಂಡು ಎದೆ ಝಲ್ ಅಂದಿತ್ತು. ಅದಾಗಿ ಒಂಬತ್ತು ವರ್ಷ. ಕುಂದಾಪುರ ಮತ್ತು ಬೈಂದೂರಿನ ನಡುವಿನ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಪಾಠ ಮಾಡುತ್ತೇನೆ. ಮಕ್ಕಳಿಗೆ ಇವತ್ತಿಗೂ ನಾನು ಘಟ್ಟದ ಮೇಲಿನ ಟೀಚರ್.

ನನ್ನ ತರಗತಿಯ ಅರ್ಧಕ್ಕಿಂತ ಜಾಸ್ತಿ ಮಕ್ಕಳ ಅಪ್ಪಂದಿರು ಬೋಟಿಗೋ ನಾಡದೋಣಿಗೋ ಹೋಗುವವರು. ಅಮ್ಮಂದಿರು ಮೀನು ಮಾರುವವರು. ಅಂಥ ಮಕ್ಕಳ ಎದುರು ನಿಂತು 'ಸಮುದ್ರವನ್ನು ಪ್ರೀತಿಸಿ' ಅಂತ ನಾನು ಹೇಳುವುದು! ಮೊದಲ ಎರಡು ವರ್ಷ ಅದನ್ನೇ ಹೇಳಿದೆ. ಚಿತ್ರ ಬರೆಸಿದೆ, ಘೋಷಣೆ ಕೂಗಿಸಿದೆ. ಬಟ್ಟೆ ಚೀಲ ಹೊಲಿಸಿ ಮನೆಮನೆಗೆ ಕೊಟ್ಟೆವು. ಆ ಚೀಲಗಳು ಮರುವಾರ ಮಕ್ಕಳ ಬುತ್ತಿ ಚೀಲಗಳಾಗಿ ಶಾಲೆಗೇ ವಾಪಸ್ ಬಂದವು.

ನಿಜವಾಗಿ ಕಣ್ಣು ತೆರೆಸಿದ್ದು ಒಂದು ಜೂನ್ 5. ವಿಶ್ವ ಪರಿಸರ ದಿನ, ಕಡಲತೀರ ಸ್ವಚ್ಛ ಮಾಡಬೇಕು ಅಂತ ತೀರ್ಮಾನ ಆಯಿತು. ನಾವು ಇಡೀ ಶಾಲೆ ಹೋಗಿ ಮೂವತ್ತೊಂದು ಮೂಟೆ ಕಸ ಹೆಕ್ಕಿ ಗಾಳಿಮರಗಳ ಕೆಳಗೆ ಸಾಲಾಗಿ ಇಟ್ಟೆವು. ಫೋಟೊ ಆಯಿತು, ಲಾಡು ಹಂಚಿದ್ದಾಯಿತು. ಮೂಟೆ ಒಯ್ಯುತ್ತೇವೆ ಅಂದಿದ್ದ ಗಾಡಿ ಆ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಮೂರನೆಯ ದಿನ ಮಳೆಗಾಲದ ಮೊದಲ ದೊಡ್ಡ ಅಲೆಗಳು ಬಂದವು. ಸಂಜೆ ಹೋಗಿ ನೋಡಿದರೆ ಐದೋ ಆರೋ ಮೂಟೆ ಉಳಿದಿದ್ದವು, ಅವೂ ಹರಿದು. ನನ್ನ ಜೊತೆ ಬಂದಿದ್ದ ನಾಲ್ಕನೇ ತರಗತಿಯ ಹುಡುಗ ಸೊಂಟದ ಮೇಲೆ ಕೈ ಇಟ್ಟುಕೊಂಡು ಹೇಳಿದ: "ಟೀಚರ್, ನಾವು ಒಟ್ಟು ಮಾಡಿ ಕೊಟ್ಟಂಗ್ ಆಯ್ತ್ ಅಲ್ದಾ?"

ಹೌದು ಮಾರಾಯ, ಹಾಗೇ ಆಯಿತು.

ಜೂನ್ ಮೊದಲ ವಾರ ಕಡಲತೀರ ಸ್ವಚ್ಛ ಮಾಡಲು ಇಡೀ ವರ್ಷದಲ್ಲೇ ಕೆಟ್ಟ ಸಮಯ. ಇದು ಆ ಹುಡುಗನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಈಗ ಜೂನ್‌ನಿಂದ ಸೆಪ್ಟೆಂಬರ್ ತನಕ ಮಕ್ಕಳನ್ನು ಕಡಲ ಹತ್ತಿರ ಕರೆದುಕೊಂಡು ಹೋಗುವುದೇ ಇಲ್ಲ. ಆ ತಿಂಗಳುಗಳಿಗೆ ಬೇರೆ ಪಾಠ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅಪ್ಪಂದಿರು ಮನೆಯಲ್ಲಿ ಬಲೆ ರಿಪೇರಿ ಮಾಡುತ್ತಾ ಕೂತಿರುತ್ತಾರೆ. "ಯಾಕೆ ಹೋಗಬಾರದು ಅಂತ ಅಪ್ಪನನ್ನು ಕೇಳಿಕೊಂಡು ಬನ್ನಿ" ಅನ್ನುತ್ತೇನೆ. "ಕಡಲಿನಲ್ಲಿ ಗಾಳಿ ಜೋರು" ಅಂತ ಕೆಲವರು ಬರೆದುಕೊಂಡು ಬರುತ್ತಾರೆ, "ಮೀನು ಮೊಟ್ಟೆ ಇಡುವ ಕಾಲ" ಅಂತ ಕೆಲವರು. ಎರಡೂ ಸರಿ. ಬೋಟುಗಳು ಮತ್ತೆ ಇಳಿದ ಮೇಲೆ ಒಂದು ಶನಿವಾರ ಬಂಗುಡೆ ತರಿಸಿ ಸ್ಕೇಲಿನಲ್ಲಿ ಅಳೆಯುತ್ತೇವೆ. ಬಂಗುಡೆ ಮೊಟ್ಟೆ ಇಡುವಷ್ಟು ಬೆಳೆಯುವುದು ಹೆಚ್ಚುಕಡಿಮೆ 20 ಸೆಂಟಿಮೀಟರ್ ಹತ್ತಿರ ಬಂದಾಗ. ಅದಕ್ಕಿಂತ ಚಿಕ್ಕದು ಎಷ್ಟು ಸಿಕ್ಕಿತು ಅಂತ ಪಟ್ಟಿ ಮಾಡುತ್ತಾರೆ. ಅಳತೆಯ ಪಾಠವೂ ಆಯಿತು, ಮಧ್ಯಾಹ್ನ ಯಾರದೋ ಮನೆಗೆ ಸಾರೂ ಆಯಿತು.

ಕಡಲತೀರದ ಕೆಲಸ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಇಡೀ ತೀರ ಸ್ವಚ್ಛ ಮಾಡುವ ಆಸೆ ಬಿಟ್ಟುಬಿಟ್ಟೆ. ಬಟ್ಟೆ ಒಣಗಿಸುವ ಹಗ್ಗ, ನಾಲ್ಕು ಗೂಟ, ಹತ್ತು ಅಡಿಯ ಒಂದು ಚೌಕ. ಆ ಚೌಕದೊಳಗೆ ಸಿಕ್ಕಿದ್ದನ್ನೆಲ್ಲ ಹೆಕ್ಕಿ, ವಿಂಗಡಿಸಿ, ಎಣಿಸಿ ಬರೆಯುವುದು. ಇಷ್ಟೇ.

ಮೊದಲ ಸಲ ಅದೂ ಕೆಟ್ಟಿತು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಗೋಣ ಅಂದೆ. ಮಕ್ಕಳು ಮುಖ ಮುಖ ನೋಡಿಕೊಂಡು ನಕ್ಕರು. ಟೀಚರ್ ಮಾತಿಗೆ ಎದುರಾಡಬಾರದು ಅಂತ ಸುಮ್ನೆ ಬಂದರು. ಹೋಗಿ ನೋಡಿದರೆ ಮರಳೇ ಇಲ್ಲ, ನೀರು ತಡೆಗೋಡೆಯ ಕಲ್ಲಿನ ತನಕ ಬಂದಿದೆ. ಹಿಂದಿನ ದಿನ ಅಮಾವಾಸ್ಯೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಇಲ್ಲಿ ಮಧ್ಯಾಹ್ನದ ಹೊತ್ತಿಗೆ ನೀರು ಪೂರ್ತಿ ಏರಿರುತ್ತದೆ. "ಅಷ್ಟಮಿಗೆ ಹೋಪ ಟೀಚರ್, ಆಗ ಈ ಹೊತ್ತಿಗೆ ನೀರ್ ಇಳ್ದಿರತ್ತ್" ಅಂದಳು ಒಬ್ಬಳು. ಅವಳ ಅಜ್ಜ ಹೇಳಿಕೊಟ್ಟ ಲೆಕ್ಕ. ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡವಾಗುತ್ತಾ ಹೋಗುತ್ತದೆ, ಕೂಡಿಸಿಕೊಂಡು ಬಂದರೆ ಸರಿಯಾಗುತ್ತದೆ. ಅವತ್ತಿನಿಂದ ನಮ್ಮ ತರಗತಿಯಲ್ಲಿ ಪಂಚಾಂಗ ಇರುವ ಕ್ಯಾಲೆಂಡರ್ ನೇತಾಡುತ್ತಿದೆ. ದಿನ ಗೊತ್ತು ಮಾಡುವುದು ಮಕ್ಕಳೇ. ಮುಖ್ಯ ಶಿಕ್ಷಕರು ಒಳ್ಳೆಯವರು, ಶನಿವಾರವೇ ಆಗಬೇಕು ಅಂತ ಹಟ ಹಿಡಿಯಲಿಲ್ಲ.

ಈ ಕೆಲಸಕ್ಕೆ ಹೊರಡುವವರಿಗೆ ಒಂದು ಮಾತು. ಇಪ್ಪತ್ತಾರು ಮಕ್ಕಳಿಗೆ ನಾನೊಬ್ಬಳು ಸಾಲುವುದಿಲ್ಲ. ಪ್ರತಿ ಸಲ ನಾಲ್ಕು ಜನ ಅಮ್ಮಂದಿರು ಬರುತ್ತಾರೆ. ಒದ್ದೆ ಮರಳಿನ ಗೆರೆ ದಾಟಿ ಯಾರೂ ಹೋಗುವಂತಿಲ್ಲ, ಎಷ್ಟೇ ಈಜು ಬಂದರೂ. ಸೂಜಿ, ಒಡೆದ ಬಲ್ಬು ಕಂಡರೆ ಕೈ ಹಾಕದೆ ನನ್ನನ್ನು ಕರೆಯಬೇಕು.

ಅಷ್ಟಮಿಯ ದಿನ ಹಗ್ಗ ಕಟ್ಟಿದೆವು. ಅಲೆ ಬಂದು ಬಿಟ್ಟುಹೋದ ಕಸದ ಸಾಲಿನ ಮೇಲೇ ಚೌಕ. ಚಪ್ಪಲಿ, ಮಾತ್ರೆಯ ಹಾಳೆ, ಗುಟ್ಕಾ ಚೀಟಿ, ಶಾಂಪೂ ಪ್ಯಾಕೆಟ್, ಮೀನಿನ ಪೆಟ್ಟಿಗೆಯ ಥರ್ಮಾಕೋಲ್ ಉಂಡೆಗಳು, ತಂಗೂಸು ಅಂದರೆ ಮೀನು ಹಿಡಿಯುವ ನೈಲಾನ್ ದಾರ. ಒಬ್ಬ ಹುಡುಗ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ಚೂರುಗಳನ್ನು ಅಂಗೈ ಮೇಲೆ ಜೋಡಿಸಿಕೊಂಡು ಬಂದ. "ಟೀಚರ್, ಎಲ್ಲ ತ್ರಿಕೋನ." ಆ ವಾರವಷ್ಟೇ ಆಕೃತಿಗಳ ಪಾಠ ಮುಗಿದಿತ್ತು. ಒಂದು ಬದಿ ನೇರ, ಒಂದು ಬದಿ ಕತ್ತರಿಸಿದ್ದು, ಮೇಲೆ ಬಣ್ಣದ ಗೆರೆ. ಏನು ಅಂತ ನನಗೂ ಹೊಳೆಯಲಿಲ್ಲ. ಪಕ್ಕದವಳು ಬಗ್ಗಿ ನೋಡಿ ಹೇಳಿಬಿಟ್ಟಳು: "ಇದ್ ಹಾಲಿನ ಪ್ಯಾಕೆಟಿನ್ ಮೂಲೆ. ನಮ್ಮನೇದೂ ಹೀಂಗೇ."

ಒಂದೇ ಚೌಕದಲ್ಲಿ ಹತ್ತೊಂಬತ್ತು ಮೂಲೆ. ಕಡಲಿಗೆ ಯಾರೂ ಹಾಲಿನ ಪ್ಯಾಕೆಟ್ ತಂದು ಹಾಕುವುದಿಲ್ಲವಲ್ಲ, ಮತ್ತೆ ಹೇಗೆ ಬಂತು? ಮರುದಿನ ಶಾಲೆಯ ಹಿಂದಿನ ತೋಡಿನ ಉದ್ದಕ್ಕೂ ನಡೆದೆವು. ಪ್ಯಾಕೆಟ್ಟನ್ನು ಮನೆಯಲ್ಲಿ ತೊಳೆದು ಗುಜರಿಗೆ ಇಡುತ್ತಾರೆ. ಮೂಲೆ ಮಾತ್ರ ಕತ್ತರಿಯಿಂದ ಹಾರಿ ಬಚ್ಚಲಿಗೋ ಅಂಗಳಕ್ಕೋ ಬೀಳುತ್ತದೆ. ಅಲ್ಲಿಂದ ತೋಡು, ತೋಡಿನಿಂದ ಹೊಳೆ, ಹೊಳೆಯಿಂದ ಕಡಲು. ತೋಡಿನ ಬದಿಯಲ್ಲಿ ಚಾಕೊಲೇಟ್ ಕಾಗದವೂ ರಾಶಿ ಸಿಕ್ಕಿತು. ಅದು ನಮ್ಮದೇ, ಹುಟ್ಟುಹಬ್ಬಕ್ಕೆ ತರಗತಿಯಲ್ಲಿ ಹಂಚಿದ್ದು. ಮಕ್ಕಳ ಮುಖ ಆಗ ಸಣ್ಣದಾಯಿತು.

ಪರಿಹಾರ ಅವರೇ ಕಂಡುಕೊಂಡರು. ಮೂಲೆಯನ್ನು ಪೂರ್ತಿ ಕತ್ತರಿಸಬಾರದು, ಸೀಳಿ ಹಾಗೇ ಪ್ಯಾಕೆಟ್ಟಿಗೆ ಅಂಟಿಕೊಂಡಿರುವಂತೆ ಬಿಡಬೇಕು. ಹುಟ್ಟುಹಬ್ಬಕ್ಕೆ ಬಾಳೆಹಣ್ಣು. "ನಮ್ಮ ಹೆಣ್ ಬೆಳಿಗ್ಗೆ ಎದ್ದವಳೇ ಕತ್ರಿ ಹಿಡ್ಕಂಡ್ ಕಾವಲು ನಿಂತಿರತ್ತ್" ಅಂತ ಒಬ್ಬ ತಾಯಿ ಪೋಷಕರ ಸಭೆಯಲ್ಲಿ ದೂರು ಕೊಟ್ಟರು, ನಗುತ್ತಾ.

ಮುಂದಿನ ತಿಂಗಳು ಚೌಕ ಕಟ್ಟಿ ಎಣಿಸಿದರೆ ಮೂಲೆಗಳು ಇಪ್ಪತ್ತೆರಡು! ಮಕ್ಕಳಿಗೆ ಅಳು ಬರುವುದೊಂದು ಬಾಕಿ. ತಪ್ಪು ನನ್ನದು. ಕಡಲು ಎಲ್ಲ ಊರಿನ ಕಸವನ್ನೂ ತರುತ್ತದೆ. ಇಪ್ಪತ್ತಾರು ಮನೆಯ ಕತ್ತರಿ ನಿಂತರೆ ಅಲ್ಲಿ ಗೊತ್ತೇ ಆಗುವುದಿಲ್ಲ. ಹಾಗಾಗಿ ಎರಡನೆಯ ಚೌಕವನ್ನು ತೋಡಿನ ಬದಿಗೆ ಹಾಕಿದೆವು. ಅಲ್ಲಿ ಮೂರು ತಿಂಗಳಲ್ಲಿ ಲೆಕ್ಕ ಇಳಿದದ್ದು ಕಣ್ಣಿಗೇ ಕಂಡಿತು. ಮಗು ಮಾಡಿದ ಕೆಲಸ ಎಲ್ಲಿ ಕಾಣುತ್ತದೋ ಅಲ್ಲಿ ಎಣಿಸಬೇಕು. ಇದನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಆಮೆಯ ಕಥೆ ಹೇಳದಿದ್ದರೆ ಮಕ್ಕಳು ನನ್ನನ್ನು ಬಿಡುವುದಿಲ್ಲ. ಒಂದು ಜನವರಿಯಲ್ಲಿ ಬೆಳಗಿನ ಜಾವ ಬಲೆ ಬಿಡಲು ಹೊರಟ ತಂದೆಯೊಬ್ಬರು ಮರಳಿನ ಮೇಲೆ ಟ್ರ್ಯಾಕ್ಟರ್ ಹೋದಂಥ ಗುರುತು ನೋಡಿ ಫೋನ್ ಮಾಡಿದರು. ಆಲಿವ್ ರಿಡ್ಲೆ ಕಡಲಾಮೆ ಬಂದು ಮೊಟ್ಟೆ ಇಟ್ಟು ಹೋಗಿತ್ತು. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ ಇರುತ್ತವೆ. ಅರಣ್ಯ ಇಲಾಖೆಯವರು ಬಂದು ಸುತ್ತ ಬಲೆ ಕಟ್ಟಿದರು. ಮರಿ ಹೊರಬರಲು 45ರಿಂದ 60 ದಿನ. ಮಕ್ಕಳು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಚುಕ್ಕಿ ಇಡುತ್ತಾ ಬಂದರು. ಮರಳು ಹೆಚ್ಚು ಬಿಸಿಯಿದ್ದರೆ ಹೆಣ್ಣು ಮರಿ, ತಂಪಿದ್ದರೆ ಗಂಡು ಅಂದಾಗ ತರಗತಿಯಲ್ಲಿ ದೊಡ್ಡ ಗಲಾಟೆ. ಹುಡುಗರು ಗೂಡಿಗೆ ಮಡಲು ಹೊದಿಸಿ ನೆರಳು ಮಾಡೋಣ ಅಂತ ಹೊರಟಿದ್ದರು. ತಡೆಯಬೇಕಾಯಿತು.

1972ರ ವನ್ಯಜೀವಿ ಕಾಯ್ದೆಯಲ್ಲಿ ಈ ಆಮೆ ಮೊದಲ ಪರಿಚ್ಛೇದದಲ್ಲಿದೆ, ಅಂದರೆ ಹುಲಿಯ ಸಾಲಿನಲ್ಲಿ, ಮೊಟ್ಟೆ ಮುಟ್ಟಿದರೂ ಅಪರಾಧ ಅಂದೆ. ಹುಡುಗಿಯೊಬ್ಬಳು ಸಂಜೆ ಬಂದು ಮೆಲ್ಲಗೆ ಕೇಳಿದಳು, "ನಮ್ಮ ಅಜ್ಜಿ ಸಣ್ಣವಳಿರುವಾಗ ತಿಂದಿದಾಳಂಬ್ರ್. ಈಗ ಹಿಡ್ಕಂಡ್ ಹೋತ್ರಾ?" ಇಲ್ಲ ಅಂದೆ. ಅಜ್ಜಿಯನ್ನು ಶಾಲೆಗೇ ಕರೆಸಿದೆವು. ಹಿಂದೆ ಒಂದೇ ರಾತ್ರಿ ಎಷ್ಟೆಲ್ಲ ಆಮೆ ಬರುತ್ತಿದ್ದವು ಅಂತ ಅವರು ಹೇಳಿದ್ದಕ್ಕಿಂತ ಒಳ್ಳೆಯ ಪಾಠ ನನ್ನ ಹತ್ತಿರ ಇರಲಿಲ್ಲ.

ಮರಿಗಳು ಬೆಳಕಿನ ಕಡೆಗೆ ಹರಿಯುತ್ತವೆ. ಕತ್ತಲಲ್ಲಿ ಹೊಳೆಯುವುದು ಕಡಲು ಅಂತ ಅವುಗಳ ಲೆಕ್ಕ, ಬೀದಿ ದೀಪ ಉರಿಯುತ್ತಿದ್ದರೆ ರಸ್ತೆಗೆ ಬರುತ್ತವೆ. ಮಕ್ಕಳು ತೀರದ ಎರಡು ಮನೆ, ಒಂದು ಗೂಡಂಗಡಿಗೆ ಹೋಗಿ ಕೇಳಿಕೊಂಡರು. ಮನೆಯವರು ತಕ್ಷಣ ಒಪ್ಪಿದರು. ಅಂಗಡಿಯವರು ಎರಡು ದಿನ ಸತಾಯಿಸಿ, ಆಮೇಲೆ ದೀಪಕ್ಕೆ ರಟ್ಟು ಕಟ್ಟಿದರು. ಐವತ್ತೆರಡನೆಯ ದಿನ ಬೆಳಗಾಗುವ ಮೊದಲು ಫೋನ್ ಬಂತು. ನಾವು ಓಡುವಷ್ಟರಲ್ಲಿ ಹೆಚ್ಚಿನವು ಹೋಗಿಯಾಗಿತ್ತು, ಕೊನೆಯ ಏಳು ಸಿಕ್ಕವು. ಕೈಯಲ್ಲಿ ಎತ್ತಿ ನೀರಿಗೆ ಬಿಡುವಂತಿಲ್ಲ, ಅವೇ ಹರಿದು ಹೋಗಬೇಕು. ಒಂದನ್ನು ಕಾಗೆ ಎತ್ತಿಕೊಂಡು ಹೋಯಿತು. ದೊಡ್ಡದಾಗುವವರೆಗೆ ಬದುಕುವುದು ಸಾವಿರಕ್ಕೆ ಒಂದು ಅಂತಾರೆ ಅಂದೆ. ಯಾರೂ ಮಾತಾಡಲಿಲ್ಲ.

ಶಾಲೆ ನೋಡಲು ಬಂದವರೆಲ್ಲ ಆಮೆಯ ಫೋಟೊ ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಆ ಹತ್ತೊಂಬತ್ತು ತ್ರಿಕೋನವೇ ದೊಡ್ಡದು. ಆಮೆ ಬರುವುದು ನಮ್ಮ ಕೈಯಲ್ಲಿಲ್ಲ, ಕತ್ತರಿ ಇದೆ.

ಇನ್ನೊಂದು ಸಂಗತಿ ಹೋದ ವರ್ಷದ್ದು. ಚೌಕದಲ್ಲಿ ಸಿಕ್ಕ ಬಲೆ ತುಂಡನ್ನು ಹಿಡಿದು ಒಬ್ಬ ಹುಡುಗ ಬಹಳ ಹೊತ್ತು ಸುಮ್ಮನೆ ಕೂತಿದ್ದ. ಹತ್ತಿರ ಹೋದರೆ ಗಂಟು ತೋರಿಸಿದ. ಹರಿದಲ್ಲಿ ಹಸಿರು ದಾರದಲ್ಲಿ ಹೊಲಿದಿತ್ತು. "ಇದು ನಮ್ಮ ಅಪ್ಪಯ್ಯ ಹಾಕಿದ ಗಂಟು. ಪಟ್ಟಿಯಲ್ಲಿ ಬರೆಯುವುದಾ?" ಏನು ಹೇಳಬೇಕೋ ತಿಳಿಯಲಿಲ್ಲ. 'ಬಲೆ ತುಂಡು, ಒಂದು' ಅಂತಷ್ಟೇ ಬರಿ ಅಂದೆ.

ಮರುದಿನ ಅವನ ಅಪ್ಪ ಶಾಲೆಗೆ ಬಂದರು. ಜಗಳಕ್ಕೆ ಬಂದರು ಅಂತಲೇ ನಾನು ಅಂದುಕೊಂಡೆ. ಅವರು ಕುರ್ಚಿಯಲ್ಲೂ ಕೂರಲಿಲ್ಲ, ಬಾಗಿಲಲ್ಲೇ ನಿಂತು ವಿವರಿಸಿದರು. ಬಲೆ ಕಲ್ಲಿಗೆ ಸಿಕ್ಕಿದರೆ ಕೊಯ್ಯಲೇಬೇಕು, ಇಲ್ಲದಿದ್ದರೆ ದೋಣಿಗೇ ಅಪಾಯ. ಅದು ಬೇಕಂತ ಬಿಸಾಡಿದ್ದಲ್ಲ. ಆದರೆ ದಡದಲ್ಲಿ ರಿಪೇರಿ ಮಾಡುವಾಗ ಕೊಯ್ದು ಹಾಕುವ ತುಂಡು ಇದೆಯಲ್ಲ, "ಅದನ್ನ ಒಟ್ಟು ಮಾಡ್ಲಕ್ಕ್. ಗೋಣಿ ಕೊಡಿ" ಅಂದರು. ಬಿಸಿಯೂಟದ ಅಕ್ಕಿ ಚೀಲ ಎರಡು ಕೊಟ್ಟೆ. ದೋಣಿ ಎಳೆದಿಡುವ ಜಾಗದಲ್ಲಿ ತೆಂಗಿನ ಮರಕ್ಕೆ ಕಟ್ಟಿದರು.

ಚೀಲ ತುಂಬಲು ತಿಂಗಳೂ ಹಿಡಿಯಲಿಲ್ಲ. ಗುಜರಿಯವನು ದಪ್ಪ ಹಗ್ಗವನ್ನು ಆರಿಸಿಕೊಂಡ, ಸಿಕ್ಕುಸಿಕ್ಕಾದ ತಂಗೂಸು ಬೇಡ ಅಂದ. ಹಾಗಾಗಿ ಅದು ಈಗ ನಮ್ಮ ಉಗ್ರಾಣದಲ್ಲಿದೆ, ಒಟ್ಟು ನಾಲ್ಕು ಚೀಲ. ಅಡುಗೆಯ ಅಕ್ಕ ದಿನಾ ಬೈಯುತ್ತಾರೆ, ವಾಸನೆಗೆ ಬೆಕ್ಕು ಒಳಗೆ ಬರುತ್ತದಂತೆ. ಐದನೇ ತರಗತಿಯವರು ಸರದಿಯಲ್ಲಿ ಬಾಗಿಲು ಕಾಯುತ್ತಿದ್ದಾರೆ.