ಸರ್ವರ್‌ಗೆ ತೊಂದರೆ ಕೊಡದೆ ದೋಷ ಪತ್ತೆ ಮಾಡುವ ಬಗೆ

ಶಿರಸಿಯ ಅಡಿಕೆ ವಹಿವಾಟಿಗೆ ವೆಬ್ ಸೇವೆ ನಡೆಸುವ ಗೆಳೆಯರು ಟೆಂಡರಿನ ಹೊತ್ತಿನಲ್ಲಿ ಚಾಲ್ತಿ ಸರ್ವರ್‌ಗೆ ಪರೀಕ್ಷಾ ಕೋರಿಕೆಗಳನ್ನು ಕಳುಹಿಸುವ ಬದಲು, ಹೇಗೂ ಬಂದುಹೋಗುವ ಸಂದೇಶಗಳ ಲಾಗನ್ನೇ (ಸರ್ವರ್ ಬರೆದಿಡುವ ದಾಖಲೆಯನ್ನೇ) ನಿಯಮಗಳೊಂದಿಗೆ ಹೋಲಿಸಿ ನೋಡಬೇಕೆಂದು ವಿನಂತಿಸುತ್ತೇನೆ. ‘ಪಾವತಿ ಖಚಿತವಾಗುವ ಮೊದಲು ಅದೇ ಗುರುತಿನ ಸಂಖ್ಯೆಯ ಬಿಲ್ ದಾಖಲಾಗಿರಬೇಕು’ ಎಂಬಂಥ ನಿಯಮವನ್ನು ಬರೆದಿಟ್ಟರೆ, ಕ್ರಮ ತಪ್ಪಿದ ಸಂದೇಶ ಕೂಡಲೇ ಕಣ್ಣಿಗೆ ಬೀಳುತ್ತದೆ. ಎಚ್‌ಟಿಟಿಪಿ 200 ಎಂಬ, ಕೋರಿಕೆ ಯಶಸ್ವಿಯಾಯಿತೆಂದು ಸರ್ವರ್ ಕೊಡುವ ಸಂಕೇತವೊಂದನ್ನೇ ನಂಬಬಾರದು. ನಮ್ಮ ಸೇವೆಯಲ್ಲಿ 200 ಬಂದ ಉತ್ತರದೊಳಗೇ ‘ದಾಖಲೆ ಉಳಿಯಲಿಲ್ಲ’ ಎಂಬ ಸಂದೇಶವಿದ್ದು, ಅದು ಬಹಳ ದಿನ ಯಾರ ಗಮನಕ್ಕೂ ಬಂದಿರಲಿಲ್ಲ. ಎಲ್ಲ ಸರ್ವರ್‌ಗಳ ಗಡಿಯಾರಗಳನ್ನು ಎನ್‌ಟಿಪಿ (ಜಾಲದ ಮೂಲಕ ಗಡಿಯಾರಗಳ ಸಮಯ ಸರಿಹೊಂದಿಸುವ ವ್ಯವಸ್ಥೆ) ಮೂಲಕ ಹೊಂದಿಸಿರಿ, ಇಲ್ಲವಾದರೆ ಸರಿಯಾದ ಕ್ರಮವೂ ತಪ್ಪಾಗಿ ಕಾಣಿಸುತ್ತದೆ. ಬಳಕೆದಾರರು ಮುಟ್ಟದ ಭಾಗದ ದೋಷ ಈ ವಿಧಾನಕ್ಕೆ ಸಿಗುವುದಿಲ್ಲವಾದ್ದರಿಂದ, ಅದನ್ನು ಪ್ರತ್ಯೇಕ ಪರೀಕ್ಷಾ ಸರ್ವರ್‌ನಲ್ಲಿ ನೋಡಿಕೊಳ್ಳಬೇಕು.